ಶಾಯಿಯ ಪಟ್ಟಿ ಬರಲಿ, ಆದರೆ ಪರೀಕ್ಷೆಯಾಗಿ ಬರಲಿ



ಕಳೆದ ತಿಂಗಳು ನಮ್ಮ ಕಚೇರಿಗೆ ಬಂದ ಯುವ ರೈತರೊಬ್ಬರು ಜೇಬಿನಿಂದ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಬೆರಳಿನಷ್ಟು ಅಗಲ, ಗೇಣುದ್ದ. ಅದರ ಮೇಲೆ ಹಾವು ಹರಿದಂತೆ ಬೂದು ಬಣ್ಣದ ಒಂದು ಗೆರೆ. "ಸಾರ್, ಇದನ್ನ ಗಿಡದ ಕಾಂಡಕ್ಕೆ ಸುತ್ತಿದ್ರೆ ನೀರು ಯಾವಾಗ ಕೊಡಬೇಕು ಅಂತ ಫೋನಿಗೆ ಬರುತ್ತಂತೆ. ತಗೊಳ್ಳಲೋ, ಬೇಡವೋ?" ಎಂದು ಕೇಳಿದರು.

ನಾನು ಕೂಡಲೇ ಉತ್ತರ ಕೊಡಲಿಲ್ಲ. ಕಾರಣ, ಇಂಥದೇ ಒಂದು ಪಟ್ಟಿಯನ್ನು ನಂಬಿ ಹಿಂದೊಮ್ಮೆ ನಾನೇ ಒಬ್ಬ ರೈತರಿಗೆ ನಷ್ಟ ಉಂಟುಮಾಡಿದ್ದೇನೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಇಂದಲ್ಲ ನಾಳೆ ಈ ಪಟ್ಟಿ ನಿಮ್ಮ ಊರಿಗೂ ಬರುವುದರಿಂದ, ಅದು ಏನು, ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಅದರ ಮಾತು ಕೇಳಬಹುದು, ಎಲ್ಲಿ ಕೇಳಬಾರದು ಎಂಬುದನ್ನು ಈ ವಾರ ಸ್ವಲ್ಪ ವಿವರವಾಗಿ ನೋಡೋಣ.

ಗೆರೆಯಲ್ಲಿ ಏನಿದೆ?

ಆ ಬೂದು ಗೆರೆ ವಿದ್ಯುತ್ ವಾಹಕ ಶಾಯಿಯದು. ಎಂದರೆ ವಿದ್ಯುತ್ತು ತನ್ನ ಮೂಲಕ ಹರಿಯಲು ಬಿಡುವ ಶಾಯಿ. ಬರೆಯುವ ಶಾಯಿಯಲ್ಲಿ ಬಣ್ಣವಿದ್ದಂತೆ ಇದರಲ್ಲಿ ಬೆಳ್ಳಿಯ ಅತಿ ಸಣ್ಣ ಹಳಕುಗಳೋ ಇಂಗಾಲದ ಪುಡಿಯೋ ಇರುತ್ತದೆ. ಪುಡಿಯನ್ನು ಹಿಡಿದಿಡಲು ಒಂದು ಬಗೆಯ ಅಂಟು, ತೆಳ್ಳಗೆ ಮಾಡಲು ದ್ರಾವಕ. ಪಾಕವೆಲ್ಲ ಇಷ್ಟೇ. ಮದುವೆಯ ಕರೆಯೋಲೆಯನ್ನು ಸ್ಕ್ರೀನ್ ಪ್ರಿಂಟಿಂಗ್ ಮಾಡುವವರು ಬಲೆ ಕಟ್ಟಿದ ಚೌಕಟ್ಟಿನ ಮೇಲೆ ಶಾಯಿ ಸುರಿದು ರಬ್ಬರಿನ ಹಲಗೆಯಿಂದ ಎಳೆಯುವುದನ್ನು ನೀವು ನೋಡಿರಬಹುದು. ಈ ಪಟ್ಟಿಗೂ ಹಾಗೆಯೇ ಅಚ್ಚು ಹಾಕುತ್ತಾರೆ. ಬಳಿಕ ಸಾಮಾನ್ಯವಾಗಿ 120ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿದಾಗ ದ್ರಾವಕ ಆರಿಹೋಗಿ, ಹಳಕುಗಳು ಒಂದನ್ನೊಂದು ತಾಗಿ ಕೂರುತ್ತವೆ. ಆ ತಾಗುವಿಕೆಯ ಮೂಲಕವೇ ವಿದ್ಯುತ್ತು ದಾಟುವುದು.

ಶಾಯಿಯಲ್ಲಿ ಬೆಳ್ಳಿಯೇ ಎಂದು ಹುಬ್ಬೇರಿಸಬೇಕಾಗಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಿಂದ ಬರುವ ಮತದಾನದ ಶಾಯಿಯಲ್ಲೂ ಬೆಳ್ಳಿಯ ಲವಣವಿದೆ. 1962ರ ಮಹಾಚುನಾವಣೆಯಿಂದ ಅದು ನಮ್ಮ ಬೆರಳಿನ ಮೇಲೆ ಕೂರುತ್ತ ಬಂದಿದೆ. ಅಲ್ಲಿ ಬೆಳ್ಳಿಯ ಕೆಲಸ ಕಲೆ ಉಳಿಸುವುದು. ಇಲ್ಲಿ ವಿದ್ಯುತ್ತನ್ನು ಒಯ್ಯುವುದು. ವಾಹಕ ಶಾಯಿಯೂ ನಿಮಗೆ ಹೊಸದಲ್ಲ. ಸೌರ ಪಂಪ್‌ಸೆಟ್ಟಿನ ಫಲಕದ ಮೇಲೆ ಕೂದಲೆಳೆಯಂತೆ ಕಾಣುವ ಗೆರೆಗಳು ಬಹುಮಟ್ಟಿಗೆ ಅಚ್ಚು ಹಾಕಿದ ಬೆಳ್ಳಿಯೇ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ರಕ್ತದ ಹನಿ ಬಿಡುವ ಪಟ್ಟಿಯಲ್ಲಿರುವ ಗೆರೆಗಳೂ ಹಲವು ವೇಳೆ ಇಂಥ ಶಾಯಿಯವೇ. ಈಗ ಅದೇ ಶಾಯಿ ಗಿಡದ ಕಾಂಡಕ್ಕೆ, ಎಲೆಗೆ, ದನದ ಗೊರಸಿನ ಕೆಳಕ್ಕೆ ಬರುತ್ತಿದೆ. ಹೊಸತಾಗಿರುವುದು ಈ ಉಪಯೋಗ ಮಾತ್ರ.

ತಕ್ಕಡಿಯೊಳಗಿನ ಹಳೆಯ ಅಣ್ಣ

ಎಳೆದರೆ ಲೋಹದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ ಎಂಬುದನ್ನು 1856ರಲ್ಲಿಯೇ ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವರು) ತಾಮ್ರ ಮತ್ತು ಕಬ್ಬಿಣದ ತಂತಿಗಳಲ್ಲಿ ತೋರಿಸಿದ್ದರು. ಇದನ್ನು ಕೆಲಸಕ್ಕೆ ಹಚ್ಚಿದ್ದು 1938ರಲ್ಲಿ. ಅಮೆರಿಕದ ಎಡ್ವರ್ಡ್ ಸಿಮ್ಮನ್ಸ್ ಮತ್ತು ಆರ್ಥರ್ ರೂಗ್ ಇಬ್ಬರೂ ಒಬ್ಬರಿಗೊಬ್ಬರು ಅರಿಯದಂತೆ ಸಣ್ಣ ತಂತಿಯನ್ನು ವಸ್ತುವಿಗೆ ಅಂಟಿಸಿ ಅದರ ಹಿಗ್ಗು-ಕುಗ್ಗನ್ನು ಅಳೆದರು. ರೂಗ್ ಅವರಿಗೆ ಆಗ ಬೇಕಾಗಿದ್ದದ್ದು, ಕಂಬಗಳ ಮೇಲೆ ನಿಂತ ನೀರಿನ ಟ್ಯಾಂಕು ಭೂಕಂಪಕ್ಕೆ ಹೇಗೆ ನಲುಗುತ್ತದೆ ಎಂಬ ಲೆಕ್ಕ. ನಮ್ಮ ಊರೂರಿನಲ್ಲೂ ನಿಂತಿರುವ ಟ್ಯಾಂಕಿನಂಥದರ ಚಿಕ್ಕ ಮಾದರಿಗೆ ಅವರು ತಂತಿ ಅಂಟಿಸಿದರು. ಇದರಿಂದ ವ್ಯಾಪಾರಕ್ಕೆ ದೊಡ್ಡ ಪ್ರಯೋಜನವೇನೂ ಆಗಲಾರದೆಂದು ಅವರ ಸಂಸ್ಥೆ ಹಕ್ಕನ್ನು ಅವರಿಗೇ ಬಿಟ್ಟುಕೊಟ್ಟಿತು!

ಆ ಪ್ರಯೋಜನ ಇಂದು ನಿಮ್ಮ ಕಣ್ಣ ಮುಂದೆಯೇ ಇದೆ. ಹಾಲಿನ ಡೇರಿಯಲ್ಲಿ, ಎಪಿಎಂಸಿ ಪ್ರಾಂಗಣದಲ್ಲಿ, ಕಬ್ಬಿನ ಲಾರಿ ನಿಲ್ಲುವ ವೇಬ್ರಿಜ್ಜಿನಲ್ಲಿ ಇರುವ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಲೋಡ್ ಸೆಲ್ ಎಂಬ ಲೋಹದ ಗಟ್ಟಿಯಿದೆ. ಅದಕ್ಕೆ ತೆಳುವಾದ ಲೋಹದ ಗೆರೆಗಳನ್ನು ಅಂಟಿಸಿರುತ್ತಾರೆ. ಚೀಲ ಇಟ್ಟಾಗ ಗಟ್ಟಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಗೆರೆ ಹಿಗ್ಗುತ್ತದೆ, ರೋಧ ಬದಲಾಗುತ್ತದೆ, ಅಂಕಿ ಮೂಡುತ್ತದೆ. ಈ ಗೆರೆಗೆ ಸಾಮಾನ್ಯವಾಗಿ ಕಾನ್‌ಸ್ಟಾಂಟನ್ ಎಂಬ ತಾಮ್ರ-ನಿಕ್ಕಲ್ ಮಿಶ್ರಲೋಹವನ್ನು ಆರಿಸಿಕೊಂಡಿರುವುದಕ್ಕೆ ಮುಖ್ಯ ಕಾರಣವಿದೆ. ಬಿಸಿಯಾದರೂ ಅದರ ರೋಧ ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ನನ್ನ ತಪ್ಪಿನ ಮೂಲ ಇಲ್ಲಿಯೇ ಇದೆ.

ಹಿಗ್ಗಿದರೆ ಏರುತ್ತದೆ, ಒತ್ತಿದರೆ ಇಳಿಯುತ್ತದೆ

ಊರಲ್ಲಿ ಬಣವೆಗೆ ಬೆಂಕಿ ಬಿದ್ದಾಗ ಬಾವಿಯಿಂದ ಬಣವೆಯವರೆಗೆ ಸಾಲಾಗಿ ನಿಂತು ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತೇವಷ್ಟೆ. ಸಾಲು ಒತ್ತಾಗಿದ್ದರೆ ನೀರು ಬೇಗ ಸಾಗುತ್ತದೆ. ಅದೇ ಜನ ದೂರ ದೂರ ನಿಂತರೆ ಕೈಗೆ ಕೈ ಎಟುಕದೆ ನೀರು ತಡವಾಗುತ್ತದೆ. ಶಾಯಿಯ ಗೆರೆಯಲ್ಲೂ ಹೀಗೆಯೇ. ಪಟ್ಟಿಯನ್ನು ಎಳೆದಾಗ ಬೆಳ್ಳಿಯ ಹಳಕುಗಳು ದೂರ ಸರಿಯುತ್ತವೆ, ವಿದ್ಯುತ್ತಿಗೆ ದಾರಿ ಕಷ್ಟವಾಗುತ್ತದೆ, ರೋಧ ಏರುತ್ತದೆ. ಇದು ಹಿಗ್ಗು-ಕುಗ್ಗು ಅಳೆಯುವ ಪಟ್ಟಿ.

ಇನ್ನೊಂದು ಬಗೆ ಒತ್ತಡ ಅಳೆಯುವುದು. ಇದರಲ್ಲಿ ಎರಡು ಹಾಳೆಗಳು. ಒಂದರ ಮೇಲೆ ಬಾಚಣಿಗೆಯ ಹಲ್ಲಿನಂತೆ ಬೆಳ್ಳಿಯ ಗೆರೆಗಳು, ಮತ್ತೊಂದರ ಮೇಲೆ ಇಂಗಾಲದ ಶಾಯಿ. ಅಂಗೈಯನ್ನು ಹಲಗೆಯ ಮೇಲೆ ಹಗುರವಾಗಿ ಇಟ್ಟರೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ಒತ್ತಿದರೆ ಇಡೀ ಅಂಗೈ ತಾಗುತ್ತದೆ. ಹಾಗೆಯೇ ಒತ್ತಡ ಹೆಚ್ಚಿದಂತೆ ಹಾಳೆಗಳು ಹೆಚ್ಚು ಕಡೆ ಕೂಡಿ ರೋಧ ಇಳಿಯುತ್ತದೆ. 1980ರ ದಶಕದಲ್ಲಿಯೇ ಅಮೆರಿಕದ ದಂತವೈದ್ಯರು ಹಲ್ಲು ಎಲ್ಲಿ ಹೆಚ್ಚು ಕಚ್ಚುತ್ತದೆಂದು ನೋಡಲು ಇಂಥ ಹಾಳೆ ಬಳಸತೊಡಗಿದರು. ಮುಂದೆ ಕುದುರೆಯ ಜೀನಿನ ಕೆಳಗೆ, ಹಸುವಿನ ಗೊರಸಿನ ಕೆಳಗೆ ಇಟ್ಟು ಭಾರ ಎಲ್ಲಿ ಬೀಳುತ್ತದೆಂದು ನೋಡಿದ್ದೂ ಉಂಟು.

ಮನೆಯಲ್ಲೇ ಮಾಡಿ ನೋಡಿ

ಓದಿದ್ದನ್ನು ನಂಬಬೇಕೆಂದಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಒಂದು ಭಾನುವಾರ ನೀವೇ ಪರೀಕ್ಷಿಸಿ. ಹಳೆಯ ಅಂಚೆ ಕಾರ್ಡಿನಂಥ ದಪ್ಪ ಕಾಗದದ ಮೇಲೆ 6ಬಿ ಅಥವಾ 8ಬಿ ಪೆನ್ಸಿಲಿನಿಂದ ಬೆರಳಗಲದ ಪಟ್ಟೆಯನ್ನು ಕಪ್ಪಾಗಿ, ಒತ್ತೊತ್ತಾಗಿ ತೀಡಿ. ಪೆನ್ಸಿಲಿನ ಸೀಸ ಎನ್ನುವುದು ನಿಜಕ್ಕೂ ಗ್ರಾಫೈಟ್, ಎಂದರೆ ಇಂಗಾಲವೇ. ಮೋಟಾರು ರೀವೈಂಡಿಂಗ್ ಅಂಗಡಿಯವರ ಬಳಿ ಮಲ್ಟಿಮೀಟರ್ ಇರುತ್ತದೆ. ಪಟ್ಟೆಯ ಎರಡು ತುದಿಗೆ ಅದರ ಕ್ಲಿಪ್ಪುಗಳನ್ನು ಸಿಕ್ಕಿಸಿ ಓಮ್ ಅಳತೆಯಲ್ಲಿಡಿ. ಪೆನ್ಸಿಲ್ ತೀಡಿದ ಮಗ್ಗುಲು ಹೊರಗೆ ಉಬ್ಬುವಂತೆ ಕಾರ್ಡನ್ನು ಬಾಗಿಸಿ, ಅಂಕಿ ಏರುತ್ತದೆ. ಒಳಗೆ ಮಡಿಯುವಂತೆ ಬಾಗಿಸಿ, ಅಂಕಿ ಇಳಿಯುತ್ತದೆ. ಇದೇ ವಿದ್ಯೆ ಆ ಪಟ್ಟಿಯದು.

ಈಗ ಕಾರ್ಡನ್ನು ಬಾಗಿಸದೆ ಅದರ ಮೇಲೆ ಒಮ್ಮೆ ಬಾಯಿಯಿಂದ ಹಬೆಯಾಡಿಸಿ. ಅಂಕಿ ಆಗಲೂ ಅಲುಗುತ್ತದೆ. ಹತ್ತು ಸಲ ಬಾಗಿಸಿ ಬಿಟ್ಟ ಮೇಲೆ ನೋಡಿ, ಮೊದಲಿನ ಅಂಕಿಗೆ ಸರಿಯಾಗಿ ಮರಳದಿರಬಹುದು. ಬಾಗಿಸಿದ್ದಕ್ಕೂ ಉತ್ತರ, ತೇವಕ್ಕೂ ಉತ್ತರ, ಬಿಸಿಗೂ ಉತ್ತರ, ಹಳತಾದದ್ದಕ್ಕೂ ಉತ್ತರ. ಈ ಜಾತಿಯ ಸೆನ್ಸರುಗಳ ಗುಣವೂ ದೋಷವೂ ಇದೇ. ನಾವು ಕೇಳಿದ್ದು ಒಂದು ಪ್ರಶ್ನೆ, ಅದು ಉತ್ತರ ಕೊಡುವುದು ನಾಲ್ಕಕ್ಕೆ, ಅದೂ ಒಟ್ಟಿಗೆ.

ಹೊರದೇಶಗಳಲ್ಲಿ ಕಂಡದ್ದು

ಇದರಿಂದ ಈ ವಿದ್ಯೆಯನ್ನು ಕಡೆಗಣಿಸಬೇಕೆಂದು ನಾನು ಹೇಳುತ್ತಿಲ್ಲ. 2017ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯವರು ಎಲೆಯ ಉಸಿರುರಂಧ್ರದ ಮೇಲೆಯೇ ಇಂಗಾಲದ ಅತಿ ಸಣ್ಣ ನಳಿಕೆಗಳ ಶಾಯಿಯಿಂದ ಗೆರೆ ಎಳೆದರು. ರಂಧ್ರ ತೆರೆದರೆ ಗೆರೆ ಕಡಿದು ವಿದ್ಯುತ್ತು ನಿಲ್ಲುತ್ತದೆ, ಮುಚ್ಚಿದರೆ ಮತ್ತೆ ಕೂಡುತ್ತದೆ. ಪೀಸ್ ಲಿಲಿ ಎಂಬ ಅಲಂಕಾರ ಗಿಡದಲ್ಲಿ ಬೆಳಕು ಬಿದ್ದ ಮೇಲೆ ರಂಧ್ರ ತೆರೆಯಲು ಸರಾಸರಿ 7 ನಿಮಿಷ, ಕತ್ತಲಾದ ಮೇಲೆ ಮುಚ್ಚಲು 53 ನಿಮಿಷ ಹಿಡಿಯಿತು. ನೀರು ಕಡಿಮೆಯಾದಾಗ ತೆರೆಯಲು 25 ನಿಮಿಷ, ಮುಚ್ಚಲು 45 ನಿಮಿಷ. ಗಿಡ ಬಾಯಾರಿದೆ ಎಂಬುದು ಗಡಿಯಾರದಲ್ಲಿ ಕಂಡಿತು!

ಅದೇ ವರ್ಷ ಅಯೋವಾ ರಾಜ್ಯ ವಿಶ್ವವಿದ್ಯಾಲಯದವರು ಅಂಟುಟೇಪಿನ ಮೇಲೆ ಗ್ರಾಫೀನಿನ ಗೆರೆ ಮೂಡಿಸಿ ಮೆಕ್ಕೆಜೋಳದ ಎಲೆಗೆ ಹಚ್ಚಿದರು. ಎಲೆ ಬಿಡುವ ನೀರಾವಿಗೆ ಆ ಗೆರೆಯ ವಾಹಕ ಗುಣ ಬದಲಾಗುವುದರಿಂದ, ನೀರುಣಿಸಿದ ಮೇಲೆ ನೀರು ಕೆಳಗಿನ ಎಲೆಗೆ ಯಾವಾಗ ಮುಟ್ಟಿತು, ಮೇಲಿನ ಎಲೆಗೆ ಯಾವಾಗ ಎಂದು ತಿಳಿಯಿತು. ಬರ ತಡೆಯುವ ತಳಿಗಳನ್ನು ಆರಿಸುವವರಿಗೆ ಇದು ಬೆಲೆಯುಳ್ಳ ಮಾಹಿತಿ. ಚೀನದ ಝೆಜಿಯಾಂಗ್ ವಿಶ್ವವಿದ್ಯಾಲಯದವರು ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನಿನಲ್ಲಿ ಗ್ರಾಫೈಟ್ ಬೆರೆಸಿ, ನೀರಿನಲ್ಲೇ ಕಲಸಿದ ಶಾಯಿಯಿಂದ ಗಿಡದ ಬೆಳವಣಿಗೆಯನ್ನು ಅಳೆಯುವ ಪಟ್ಟಿ ಮಾಡಿದ್ದಾರೆ.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಗಮನಿಸಿ, ಇವು ಸಂಶೋಧಕರ ಕಣ್ಣೆದುರಿನಲ್ಲಿ, ಆರಿಸಿದ ಗಿಡಗಳ ಮೇಲೆ, ಗೊತ್ತಾದ ಅವಧಿಯಲ್ಲಿ ನಡೆದ ಪ್ರಯೋಗಗಳು. ಏಪ್ರಿಲ್ ತಿಂಗಳ ಬಿಸಿಲು, ಮುಂಗಾರಿನ ಹೊಡೆತ, ಬೋರ್ಡೋ ದ್ರಾವಣದ ಸಿಂಪರಣೆ, ಮೇಯಲು ಬಂದ ಆಡಿನ ಬಾಯಿ, ಇವೆಲ್ಲವನ್ನೂ ತಡೆದು ನಿಲ್ಲುವುದು ಬೇರೆಯೇ ಪರೀಕ್ಷೆ.

ನನ್ನ ತಪ್ಪು

ಕೆಲವು ವರ್ಷಗಳ ಹಿಂದೆ ನಾನು ಚಿತ್ರದುರ್ಗ ಜಿಲ್ಲೆಯಲ್ಲಿದ್ದೆ. ದಾಳಿಂಬೆ ಬೆಳೆಗಾರರೊಬ್ಬರ ತೋಟದಲ್ಲಿ ಐದು ಗಿಡಗಳ ಕಾಂಡಕ್ಕೆ ಬೆಳ್ಳಿ ಶಾಯಿಯ ಪಟ್ಟಿಗಳನ್ನು ಪರೀಕ್ಷೆಗೆಂದು ಸುತ್ತಿಸಿದೆವು. ಪಟ್ಟಿ ತಂದವರ ಹೆಸರು ಇಲ್ಲಿ ಮುಖ್ಯವಲ್ಲ, ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಹಗಲು ಎಲೆಗಳು ಬಿಡುವಷ್ಟು ನೀರನ್ನು ಬೇರು ಒದಗಿಸಲಾರದೆ ಕಾಂಡ ತುಸು ಕುಗ್ಗುತ್ತದೆ, ರಾತ್ರಿ ಮತ್ತೆ ಹಿಗ್ಗುತ್ತದೆ. ಕುಗ್ಗು ಹೆಚ್ಚಾದರೆ ಗಿಡಕ್ಕೆ ನೀರು ಸಾಲದು ಎಂದು ಅರ್ಥ. ಇದು ಸಸ್ಯಶಾಸ್ತ್ರ ಒಪ್ಪಿದ ಮಾತು. ಕಾಂಡ ಕುಗ್ಗಿದರೆ ಬಿಗಿದ ಪಟ್ಟಿ ಸಡಿಲವಾಗಿ ಅದರ ರೋಧ ಇಳಿಯಬೇಕು, ಕೂಡಲೇ ಫೋನಿಗೆ ಸೂಚನೆ ಬರಬೇಕು.

ಬೇಸಗೆ ಏರಿತು. ಫೋನು ಸುಮ್ಮನಿತ್ತು. ಬೆಳೆಗಾರರು ನನಗಿಂತ ಹಿರಿಯರು. ಎಲೆ ಮುದುಡುತ್ತಿದೆ ಎಂದು ಎರಡು ಸಲ ಹೇಳಿದರು. ನಾನು ಅಂಕಿಗಳನ್ನು ನೋಡಿ, "ಇನ್ನೂ ಎರಡು ದಿನ ತಡೀರಿ ಯಜಮಾನ್ರೇ, ನೀರು ಉಳಿಯುತ್ತೆ" ಎಂದೆ. ಹೀಗೆಯೇ ಹನ್ನೆರಡು ದಿನ ಕಳೆಯಿತು. ಕೊನೆಗೆ ಅವರು ತಡೆಯಲಾರದೆ ರಾತ್ರಿಯೆಲ್ಲ ಹನಿ ನೀರಾವರಿ ಬಿಟ್ಟರು. ಒಣಗಿದ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕರೆ ದಾಳಿಂಬೆ ಏನು ಮಾಡುತ್ತದೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಆ ಸಾಲುಗಳಲ್ಲಿ ಮಾಗುತ್ತಿದ್ದ ಕಾಯಿಗಳು ಸೀಳಿಬಿಟ್ಟವು. ಸೀಳಿದ ಕಾಯಿಯೊಂದನ್ನು ನನ್ನ ಕೈಗೆ ಕೊಟ್ಟು ಅವರು ಹೇಳಿದ್ದು ಇಷ್ಟೇ: "ಗಿಡ ಬಾಯಾರೈತೆ ಅಂತ ಎಲೆ ಹೇಳ್ತಿತ್ತು ಸಾರ್. ನಾವು ಪಟ್ಟಿ ಮಾತು ಕೇಳ್ಕೊಂಡು ಕೂತ್ವಿ." ನಾವು ಎಂದರು, ನೀವು ಎನ್ನಲಿಲ್ಲ. ಆ ದೊಡ್ಡತನ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ನೀವೂ ನೋಡಿ. ಕಾಂಡದ ದಪ್ಪ 50 ಮಿಲಿಮೀಟರ್, ಹಗಲಿನ ಕುಗ್ಗು ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಎಂದರೆ ನೂರಕ್ಕೆ 0.2 ಪಾಲು. ಲೋಹದ ಗೆರೆಯ ರೋಧ ಸಾಮಾನ್ಯವಾಗಿ ಇದರ ಎರಡು ಪಟ್ಟು, ಎಂದರೆ ನೂರಕ್ಕೆ 0.4 ಪಾಲು ಬದಲಾಗುತ್ತದೆ. ಗೆರೆಯ ರೋಧ 1000 ಓಮ್ ಇದ್ದರೆ ಇಳಿತ 4 ಓಮ್. ಇನ್ನು ಶಾಖದ ಲೆಕ್ಕ. ಶುದ್ಧ ಬೆಳ್ಳಿಯ ರೋಧ ಒಂದು ಡಿಗ್ರಿ ಬಿಸಿಗೆ ನೂರಕ್ಕೆ ಸುಮಾರು 0.38 ಪಾಲು ಏರುತ್ತದೆ. ಅದೇ ಗೆರೆಯಲ್ಲಿ ಒಂದು ಡಿಗ್ರಿಗೆ 3.8 ಓಮ್ ಏರಿಕೆ! ಗಿಡ ಕುಗ್ಗಿದ್ದರಿಂದ ಆದ ಇಳಿತವನ್ನು ಒಂದೇ ಒಂದು ಡಿಗ್ರಿ ಬಿಸಿಲು ಹೆಚ್ಚುಕಡಿಮೆ ಅಳಿಸಿಹಾಕಬಲ್ಲುದು. ಬೆಳಗಿನಿಂದ ಮಧ್ಯಾಹ್ನಕ್ಕೆ ನಮ್ಮಲ್ಲಿ ಏರುವುದು ಹತ್ತು ಹದಿನೈದು ಡಿಗ್ರಿ. ಅಂಟು ಬೆರೆತ ಶಾಯಿಯಲ್ಲಿ ಈ ಅಂಕಿಗಳು ಸ್ವಲ್ಪ ಹೆಚ್ಚುಕಡಿಮೆ ಇರುತ್ತವೆ, ಆದರೆ ಸಂಗತಿ ಬದಲಾಗದು. ಗಿಡ ಬಾಯಾರುವ ಹೊತ್ತೇ ಬಿಸಿಲೇರುವ ಹೊತ್ತು. ಒಂದು ಇಳಿಸಿದ್ದನ್ನು ಮತ್ತೊಂದು ಏರಿಸಿತು, ಅಂಕಿ ಅಲ್ಲಾಡದೆ ನಿಂತಿತು, ಅದನ್ನೇ ನಾನು ಕ್ಷೇಮವೆಂದು ಓದಿದೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಕಾಂಡಕ್ಕೆ ಬಿಗಿಯದ, ಬಿಸಿಲಿಗೆ ಮಾತ್ರ ಉತ್ತರ ಕೊಡುವ ಎರಡನೆಯ ಗೆರೆಯನ್ನು ಪಕ್ಕದಲ್ಲೇ ಇಟ್ಟು, ಒಂದರಿಂದ ಇನ್ನೊಂದನ್ನು ಕಳೆಯಬೇಕು. ತಕ್ಕಡಿಯ ಲೋಡ್ ಸೆಲ್ಲಿನಲ್ಲಿ ನಾಲ್ಕು ಗೆರೆಗಳನ್ನು ಜೋಡಿಸುವುದರಲ್ಲೂ ಈ ಉದ್ದೇಶವಿದೆ. ನಮ್ಮ ಪಟ್ಟಿಯಲ್ಲಿ ಅದು ಇರಲಿಲ್ಲ. ಇದೆಯೇ ಎಂದು ನಾನು ಕೇಳಿರಲಿಲ್ಲ. ಬಿ.ಎಸ್‌ಸಿ. ಓದಿದವನು ಕೇಳಬೇಕಾಗಿತ್ತು.

ತೂಕಕ್ಕೆ ಇದು ಬೇಡ

ಒತ್ತಡ ಅಳೆಯುವ ಹಾಳೆಯ ಬಗ್ಗೆ ಇನ್ನೊಂದು ಎಚ್ಚರಿಕೆ. ಮಡಚಿ ಜೇಬಿನಲ್ಲಿಡಬಹುದಾದ ಈ ಹಾಳೆಯನ್ನೇ ಚೀಲದ ಕೆಳಗೆ ಹಾಸಿ ತೂಕ ಮಾಡಬಹುದಲ್ಲ ಎಂಬ ಯೋಚನೆ ಯಾರಿಗಾದರೂ ಬಂದೀತು. ಬೇಡ. ಇಂಥ ಹಾಳೆಯ ಅಳತೆಯಲ್ಲಿ, ಬಳಸುವ ರೀತಿಯನ್ನು ಹೊಂದಿ, ನೂರಕ್ಕೆ 5ರಿಂದ 25ರವರೆಗೂ ವ್ಯತ್ಯಾಸ ಬರಬಹುದೆಂದು ತಯಾರಕರ ಕೈಪಿಡಿಗಳೇ ಒಪ್ಪಿಕೊಳ್ಳುತ್ತವೆ. ಭಾರವನ್ನು ಹಾಗೆಯೇ ಬಿಟ್ಟರೂ ಅಂಕಿ ನಿಧಾನವಾಗಿ ಜಾರುತ್ತದೆ. ಭಾರ ಏರಿಸುವಾಗ ಒಂದು ಅಂಕಿ, ಇಳಿಸುವಾಗ ಇನ್ನೊಂದು. ಹಗ್ಗದ ಮಂಚದ ಮೇಲೆ ಕೂತು ಎದ್ದರೆ ಹಗ್ಗ ಮೊದಲಿನ ಬಿಗಿಗೆ ಕೂಡಲೇ ಮರಳುವುದಿಲ್ಲವಷ್ಟೆ, ಹಾಗೆ.

ಹಣದ ಲೆಕ್ಕದಲ್ಲಿ ನೋಡಿ. ಅಡಿಕೆ ಕ್ವಿಂಟಾಲಿಗೆ 40,000 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. 50 ಗ್ರಾಂ ವಿಭಾಗದ ಸಾಮಾನ್ಯ ವ್ಯಾಪಾರಿ ತಕ್ಕಡಿಗೆ ಮುದ್ರೆ ಹಾಕುವಾಗ 100 ಕಿಲೋಗೆ 50 ಗ್ರಾಂಗಿಂತ ಹೆಚ್ಚಿನ ತಪ್ಪನ್ನು ಒಪ್ಪುವುದಿಲ್ಲ. ಅದರ ಬೆಲೆ 20 ರೂಪಾಯಿ. ನೂರಕ್ಕೆ 5 ತಪ್ಪುವ ಹಾಳೆಯಲ್ಲಿ 5 ಕಿಲೋ, ಎಂದರೆ 2,000 ರೂಪಾಯಿ. ಒಂದು ಚೀಲದ ಮೇಲೆ ಇಷ್ಟು ಹೋದರೆ ವರ್ಷದ ದುಡಿಮೆಯಲ್ಲಿ ಉಳಿಯುವುದೇನು?

2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮವು 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಿಯಮಗಳಂತೆ ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು 12 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಬೇಕು. ಹೊಲದ ಬದುವಿಗೇ ಬಂದು ಕೊಳ್ಳುವವರಿಗೂ ಇದರಿಂದ ವಿನಾಯಿತಿ ಇಲ್ಲ. ಯಂತ್ರ ಹೊಸತಾಗಿದೆ, ಅಂಕಿ ಹೊಳೆಯುತ್ತದೆ ಎಂದು ಮರುಳಾಗಬೇಡಿ. ಮುದ್ರೆ ಎಲ್ಲಿ ಎಂದು ಕೇಳಿ. ಅದು ನಿಮ್ಮ ಹಕ್ಕು.

ಹಾಗಾದರೆ ಎಲ್ಲಿ ಉಪಯೋಗ?

ಶಾಯಿಯ ಪಟ್ಟಿ ಹೋಲಿಕೆಗೆ ಒಳ್ಳೆಯದು, ಬೆಲೆ ಕಟ್ಟುವ ಅಳತೆಗೆ ಅಲ್ಲ. ನಿನ್ನೆಗಿಂತ ಇಂದು ಹೆಚ್ಚೋ ಕಡಿಮೆಯೋ, ಎಡಕ್ಕಿಂತ ಬಲಕ್ಕೆ ಹೆಚ್ಚೋ ಕಡಿಮೆಯೋ ಎಂಬುದನ್ನು ಅದು ಚೆನ್ನಾಗಿ ತೋರಿಸಬಲ್ಲುದು. ಎತ್ತಿನ ಹೆಗಲನ್ನು ತೆಗೆದುಕೊಳ್ಳಿ. ನೊಗ ಹೆಗಲಿನ ಯಾವ ಜಾಗವನ್ನು ಹೆಚ್ಚು ಒತ್ತುತ್ತದೆ ಎಂಬುದು ಗಾಯವಾದ ಮೇಲೆಯೇ ನಮಗೆ ತಿಳಿಯುವುದು. ನೊಗ ಮತ್ತು ಹೆಗಲಿನ ನಡುವೆ ಒತ್ತಡದ ಹಾಳೆಯನ್ನು ಇಟ್ಟು ಒಂದು ಸಾಲು ಉಳುಮೆ ಮಾಡಿದರೆ ಒತ್ತು ಎಲ್ಲಿ ಬೀಳುತ್ತದೆಂದು ಕಾಣುತ್ತದೆ. ಬಡಗಿ ಅಲ್ಲಿ ನೊಗವನ್ನು ಹೆರೆದು ಸರಿಮಾಡಬಹುದು. ಇದಕ್ಕೆ ಕಿಲೋ ಗ್ರಾಂಗಳ ಲೆಕ್ಕ ಬೇಕಾಗಿಲ್ಲ. ಒಂದು ಹಾಳೆ ನೂರು ಜೊತೆ ಎತ್ತುಗಳಿಗೆ ಸಾಕು, ಪಶು ಆಸ್ಪತ್ರೆಯಲ್ಲಿ ಇದ್ದರೆ ಸಾಕು. ಹಣ್ಣಿನ ಪೆಟ್ಟಿಗೆ ತುಂಬುವಾಗ ತಳದ ಹಣ್ಣಿಗೆ ಎಷ್ಟು ಒತ್ತು ಬೀಳುತ್ತದೆ ಎಂದು ನೋಡಲೂ ಹೀಗೆಯೇ ಬಳಸಬಹುದು. ನಮ್ಮ ಕೃಷಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಯೋಜನಾಕಾರ್ಯ ಯಾವುದು?

ಕೊಳ್ಳುವ ಮುನ್ನ ಕೇಳಬೇಕಾದ ಐದು ಪ್ರಶ್ನೆಗಳು

1. ಬಿಸಿಲಿನ ತಿದ್ದುಪಡಿ ಇದೆಯೇ? ಎರಡನೆಯ ಗೆರೆ ಎಲ್ಲಿದೆ, ತೋರಿಸಿ ಎನ್ನಿ.

2. ಮಳೆಯಲ್ಲಿ, ಔಷಧ ಸಿಂಪಡಿಸಿದಾಗ ಗೆರೆ ಉಳಿಯುತ್ತದೆಯೇ? ಮೇಲ್ಹೊದಿಕೆ ಏನು?

3. ಎಷ್ಟು ಸಲ ಹಿಗ್ಗಿ ಕುಗ್ಗಿದ ಮೇಲೆ ಅಂಕಿ ತಪ್ಪತೊಡಗುತ್ತದೆ? ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು, ಬದಲಿ ಪಟ್ಟಿಗೆ ಎಷ್ಟು ಬೆಲೆ?

4. ನನ್ನ ಬೆಳೆಯ ಮೇಲೆ, ನನ್ನ ಜಿಲ್ಲೆಯಲ್ಲಿ ಒಂದು ಬೇಸಗೆ ಮತ್ತು ಒಂದು ಮಳೆಗಾಲ ಯಾರು ಪರೀಕ್ಷೆ ಮಾಡಿದ್ದಾರೆ? ವರದಿ ಕೊಡಿ.

5. ಕೆಟ್ಟ ಪಟ್ಟಿಯನ್ನು ವಾಪಸು ತೆಗೆದುಕೊಳ್ಳುತ್ತೀರಾ? ಬೆಳ್ಳಿ ಮಣ್ಣಿನ ಸೂಕ್ಷ್ಮಜೀವಿಗಳಿಗೆ, ನೀರಿನ ಜೀವಿಗಳಿಗೆ ಒಳ್ಳೆಯದಲ್ಲ. ಪ್ಲಾಸ್ಟಿಕ್ಕಂತೂ ಕೊಳೆಯುವುದೇ ಇಲ್ಲ. ಹಳೆಯ ಪಟ್ಟಿಯನ್ನು ಹೊಲದಲ್ಲಿ ಬಿಸಾಡುವುದಾಗಲಿ, ತಿಪ್ಪೆಗೆ ಹಾಕುವುದಾಗಲಿ, ಸುಡುವುದಾಗಲಿ ಕೂಡದು.

ಐದಕ್ಕೂ ನೇರ ಉತ್ತರ ಸಿಕ್ಕರೆ ಮುಂದಿನ ಮಾತು. ಸಿಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ಸರಕಾರದವರಿಗೆ, ವಿಶ್ವವಿದ್ಯಾಲಯದವರಿಗೆ

ಇಲಾಖೆಯಲ್ಲಿರುವ ನಾನೇ ಈ ಮಾತನ್ನು ಬರೆಯುವುದು ಸ್ವಲ್ಪ ಮುಜುಗರದ ಸಂಗತಿ. ಆದರೂ ಬರೆಯಬೇಕಾಗಿದೆ. ಬಿತ್ತನೆ ಬೀಜಕ್ಕೆ ಪರೀಕ್ಷೆಯುಂಟು, ಗೊಬ್ಬರಕ್ಕೆ ಪರೀಕ್ಷೆಯುಂಟು, ತಕ್ಕಡಿಗೆ ಮುದ್ರೆಯುಂಟು. ಗಿಡಕ್ಕೆ ನೀರು ಬೇಕೋ ಬೇಡವೋ ಎಂದು ತೀರ್ಪು ಕೊಡುವ ಪಟ್ಟಿಯನ್ನೂ ಅದೇ ಕಟ್ಟುನಿಟ್ಟಿನಿಂದ ನೋಡಬೇಕು. ಕೃಷಿ ವಿಶ್ವವಿದ್ಯಾಲಯಗಳೂ ಕೃಷಿ ವಿಜ್ಞಾನ ಕೇಂದ್ರಗಳೂ ಮೊದಲು ತಮ್ಮ ತಾಕುಗಳಲ್ಲಿ, ಬಯಲುಸೀಮೆಯಲ್ಲೊಂದು ಮಲೆನಾಡಿನಲ್ಲೊಂದು ಕಡೆ, ಇಡೀ ವರ್ಷ ಪರೀಕ್ಷಿಸಲಿ. ಫಲಿತಾಂಶ ಒಳ್ಳೆಯದಿರಲಿ ಕೆಟ್ಟದಿರಲಿ, ಕನ್ನಡದಲ್ಲಿ ಪ್ರಕಟಿಸಲಿ. ಆ ಮೇಲೆ ಸಹಾಯಧನದ ಮಾತು. ಸಹಾಯಧನ ಮೊದಲು, ಪರೀಕ್ಷೆ ಆಮೇಲೆ ಎಂದಾದರೆ ಮನೆಯ ಅಟ್ಟದಲ್ಲಿ ಧೂಳು ತಿನ್ನುವ ಸಾಮಾನುಗಳ ಸಾಲಿಗೆ ಇನ್ನೊಂದು ಸೇರುತ್ತದೆ.

ಪರೀಕ್ಷೆಯಲ್ಲಿ ಗೆದ್ದರೆ, ಕೊಳ್ಳುವುದೂ ಒಬ್ಬೊಬ್ಬರೇ ಬೇಡ. ಊರಿನ ಸಹಕಾರ ಸಂಘವೋ ರೈತ ಉತ್ಪಾದಕರ ಕಂಪನಿಯೋ ಕೊಂಡು, ಒಂದೇ ಮಣ್ಣಿನ, ಒಂದೇ ಬೆಳೆಯ ಹತ್ತು ತೋಟಗಳಿಗೆ ಒಂದರಲ್ಲಿ ಪಟ್ಟಿ ಕಟ್ಟಿದರೆ ಖರ್ಚು ಹಂಚಿಹೋಗುತ್ತದೆ. ಈ ಪಟ್ಟಿಯ ದೊಡ್ಡ ಗುಣ ಅಗ್ಗವಾಗಿ ಅಚ್ಚಾಗಬಲ್ಲುದು ಎಂಬುದೇ. ಸ್ಕ್ರೀನ್ ಪ್ರಿಂಟಿಂಗ್ ಬಲ್ಲ ನಮ್ಮ ತಾಲ್ಲೂಕಿನ ಹುಡುಗರೇ ಮುಂದೊಂದು ದಿನ ಇದನ್ನು ಅಚ್ಚು ಹಾಕಿದರೂ ಆಶ್ಚರ್ಯವಿಲ್ಲ. ಹಾಗಾಗಲಿ ಎಂಬುದೇ ನನ್ನ ಆಸೆ.

ಅಲ್ಲಿಯವರೆಗೆ ಹಳೆಯ ದಾರಿ ಇದ್ದೇ ಇದೆ. ಬೇರಿನ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಉಂಡೆ ಕಟ್ಟಿ ನೋಡಿ. ಉಂಡೆ ಕಟ್ಟದೆ ಉದುರಿದರೆ ನೀರು ಬೇಕು. ಮರಳು ಮಣ್ಣಿಗೂ ಎರೆ ಮಣ್ಣಿಗೂ ಉಂಡೆಯ ಲಕ್ಷಣ ಬೇರೆ ಎಂಬುದು ನಿಮಗೇ ಗೊತ್ತು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲೆ ನೋಡಿ. ಬೆಳಗ್ಗೆಯೂ ಎಲೆ ಮುದುಡಿಯೇ ಇದ್ದರೆ ಯಾವ ಫೋನಿಗೂ ಕಾಯಬೇಡಿ. ಪಟ್ಟಿ ಕಟ್ಟಿದವರೂ ಈ ಅಭ್ಯಾಸ ಬಿಡಬಾರದು. ಪಟ್ಟಿಯ ಮಾತೂ ಎಲೆಯ ಮಾತೂ ಒಂದೇ ಆದರೆ ಸಂತೋಷ, ಬೇರೆಯಾದರೆ ಮೊದಲು ಎಲೆಯ ಮಾತು ಕೇಳಿ.

ಕಚೇರಿಗೆ ಬಂದ ಆ ಯುವ ರೈತರಿಗೆ ನಾನು ಕೊನೆಗೆ ಹೇಳಿದ್ದೂ ಇದನ್ನೇ. ಅವರು ಪಟ್ಟಿಯನ್ನು ಕೊಂಡಿಲ್ಲ, ತಳ್ಳಿಹಾಕಿಯೂ ಇಲ್ಲ. ಐದು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಂಡು ಮಾರುವವರ ಬಳಿಗೆ ಹೋಗಿದ್ದಾರೆ. ನಿಮ್ಮಲ್ಲಿ ಯಾರಾದರೂ ಇಂಥ ಪಟ್ಟಿಯನ್ನು ಈಗಾಗಲೇ ಕಟ್ಟಿ ನೋಡಿದ್ದರೆ, ಬೆಳೆ ಯಾವುದು, ಎಷ್ಟು ದಿನ ಬಾಳಿಕೆ ಬಂತು, ಎಲ್ಲಿ ತಪ್ಪಿತು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಈ ಪುಟಕ್ಕೆ ಕಳಿಸಿ. ಒಬ್ಬರ ತೋಟದಲ್ಲಿ ಆದ ತಪ್ಪು ಹತ್ತು ತೋಟಗಳಿಗೆ ತಿಳಿದರೆ ಆ ನಷ್ಟವೂ ಪೂರ್ತಿ ನಷ್ಟವಾಗದು.